ಎರಡು ಮಾತ್ರೆ, ಇಪ್ಪತ್ತೊಂದು ದಿನ: ಪಾರ್ಶ್ವವಾಯು ಮರುಕಳಿಸದಂತೆ ಜೋಡಿ ಔಷಧ

ಒಮ್ಮೆ ಪಾರ್ಶ್ವವಾಯು ಬಡಿದವರಿಗೆ ಅದು ಮತ್ತೆ ಬಡಿಯುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಬರುವ ಪಾರ್ಶ್ವವಾಯುವೇ ಬಹುಪಾಲು; ನಾಳ ಒಡೆದು ಮಿದುಳಿನೊಳಗೆ ರಕ್ತ ಸೋರಿ ಬರುವುದು ಅದಕ್ಕಿಂತ ಕಡಿಮೆ. ಹೆಪ್ಪಿನಿಂದ ಬಂದದ್ದು ಮರುಕಳಿಸದಿರಲಿ ಎಂದು ಆಸ್ಪಿರಿನ್‌ನಂಥ ಪ್ಲೇಟ್‌ಲೆಟ್ ನಿರೋಧಕ ಔಷಧವನ್ನು ಕೊಡುವುದು ಅರ್ಧ ಶತಮಾನದ ರೂಢಿ. ವರ್ಷಗಟ್ಟಲೆ ತೆಗೆದುಕೊಂಡರೆ ಅದು ಮರುಕಳಿಕೆಯಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ತಪ್ಪಿಸುತ್ತದೆ. ಉಳಿದ ನಾಲ್ಕು ಪಾಲು ಹಾಗೇ ಉಳಿಯುತ್ತದೆ. ಇನ್ನೊಂದು ಔಷಧವನ್ನು ಜೊತೆಗೂಡಿಸಿದರೆ ಈ ಕೊರತೆ ತುಂಬೀತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಮೇಲೆ ಪ್ರಯೋಗಗಳು ನಡೆದಿವೆ. ಅವುಗಳ ಫಲಿತಾಂಶ ಮೊದಮೊದಲು ಒಂದಕ್ಕೊಂದು ವಿರುದ್ಧವಾಗಿ ಕಂಡಿತು. ಯಾವ ಔಷಧ ಎಂಬುದಕ್ಕಿಂತ ಯಾವಾಗ ಶುರುಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದೇ ಮುಖ್ಯ ಎಂದು ಗೊತ್ತಾದ ಮೇಲೆ ಆ ವಿರೋಧ ಬಹುಮಟ್ಟಿಗೆ ಕರಗಿತು.

ಡೆಂಗಿ ಬಂದಾಗಲೆಲ್ಲ ಜನ ಲೆಕ್ಕ ಕೇಳುವ ಪ್ಲೇಟ್‌ಲೆಟ್‌ಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದಷ್ಟು ಇರುತ್ತವೆ. ಅವುಗಳ ಆಯಸ್ಸು ಏಳರಿಂದ ಹತ್ತು ದಿನ. ನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಪ್ಪವಾದ ಕಡೆ ಬಿರುಕು ಬಿಟ್ಟರೆ ಇವು ಅಲ್ಲಿಗೆ ಅಂಟಿಕೊಂಡು, ಥ್ರಾಂಬಾಕ್ಸೇನ್ ಎ2 ಮತ್ತು ಎಡಿಪಿ ಎಂಬ ಎರಡು ರಾಸಾಯನಿಕಗಳನ್ನು ಹೊರಬಿಟ್ಟು, ಸುತ್ತಲಿನ ಪ್ಲೇಟ್‌ಲೆಟ್‌ಗಳನ್ನೂ ಸೆಳೆಯುತ್ತವೆ. ಆಸ್ಪಿರಿನ್ ಥ್ರಾಂಬಾಕ್ಸೇನ್ ತಯಾರಿಸುವ ಕಿಣ್ವವನ್ನು ಮತ್ತೆ ಕೆಲಸ ಮಾಡದಂತೆ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಕೆಟ್ಟ ಕಿಣ್ವದ ಜಾಗದಲ್ಲಿ ಹೊಸದನ್ನು ಅದು ತಯಾರಿಸಿಕೊಳ್ಳಲಾರದು. ದಿನಕ್ಕೊಂದು ಸಣ್ಣ ಮಾತ್ರೆ ಸಾಕಾಗುವುದು ಇದರಿಂದಲೇ. ಕ್ಲೊಪಿಡೊಗ್ರೆಲ್, ಟಿಕಾಗ್ರೆಲರ್‌ಗಳು ಎಡಿಪಿ ಬಂದು ಕೂರುವ ಪಿ2ವೈ12 ಎಂಬ ಗ್ರಾಹಕವನ್ನು ಮುಚ್ಚುತ್ತವೆ. ಡೈಪಿರಿಡಮೋಲ್, ಸಿಲೋಸ್ಟಜೋಲ್‌ಗಳು ಪ್ಲೇಟ್‌ಲೆಟ್‌ನೊಳಗೆ ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸಿ ಅದರ ಚುರುಕನ್ನು ತಗ್ಗಿಸುತ್ತವೆ. ದಾರಿಗಳು ಬೇರೆಬೇರೆಯಾದ್ದರಿಂದ ಎರಡನ್ನು ಒಟ್ಟಿಗೆ ತಡೆದರೆ ಫಲ ಹೆಚ್ಚಬೇಕು ಎಂಬ ತರ್ಕ ಸಹಜ. ಆದರೆ ಹೊಟ್ಟೆಯ ಹುಣ್ಣಿನಿಂದಲೋ ಮಿದುಳಿನ ಸವೆದ ಸಣ್ಣ ನಾಳದಿಂದಲೋ ರಕ್ತ ಸೋರಿದಾಗ ಅದನ್ನು ನಿಲ್ಲಿಸಬೇಕಾದವೂ ಇದೇ ಪ್ಲೇಟ್‌ಲೆಟ್‌ಗಳು.

ಆಸ್ಪಿರಿನ್ 1899ರಲ್ಲಿ ನೋವಿನ ಔಷಧವಾಗಿ ಮಾರುಕಟ್ಟೆಗೆ ಬಂತು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ಲಾರೆನ್ಸ್ ಕ್ರೇವನ್ ಒಬ್ಬರು. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ನೋವಿಗೆಂದು ಆಸ್ಪಿರಿನ್ ಬೆರೆಸಿದ ಗಮ್ ಅಗಿಯುತ್ತಿದ್ದ ರೋಗಿಗಳಿಗೆ ರಕ್ತಸ್ರಾವ ಹೆಚ್ಚಾಗುವುದನ್ನು ಗಮನಿಸಿದ ಅವರು, ಆ ದೋಷವನ್ನೇ ಗುಣವಾಗಿ ಬಳಸಬಹುದೆಂದು 1950ರ ದಶಕದಲ್ಲಿ ಬರೆದರು. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಅವರ ಲೆಕ್ಕಾಚಾರವನ್ನು ಆಗ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಔಷಧ ಕೆಲಸಮಾಡುವ ಬಗೆಯನ್ನು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ಪಾರ್ಶ್ವವಾಯುವಿನ ಮಟ್ಟಿಗೆ ಮೊದಲ ದೊಡ್ಡ ಸಾಕ್ಷ್ಯ 1978ರ ಕೆನಡಾ ಪ್ರಯೋಗದ್ದು: 585 ರೋಗಿಗಳಲ್ಲಿ ಆಸ್ಪಿರಿನ್ ಪಡೆದವರಿಗೆ ಪಾರ್ಶ್ವವಾಯು ಅಥವಾ ಸಾವಿನ ಸಾಧ್ಯತೆ ಶೇ 31ರಷ್ಟು ಕಡಿಮೆಯಾಗಿತ್ತು. 1997ರಲ್ಲಿ ಪ್ರಕಟವಾದ ಎರಡು ಬೃಹತ್ ಪ್ರಯೋಗಗಳು, ಒಂದು ಅಂತರರಾಷ್ಟ್ರೀಯ, ಇನ್ನೊಂದು ಚೀನಾದ್ದು, ಒಟ್ಟು ನಲವತ್ತು ಸಾವಿರ ರೋಗಿಗಳಿಗೆ ಪಾರ್ಶ್ವವಾಯು ಬಡಿದ 48 ಗಂಟೆಯೊಳಗೆ ಆಸ್ಪಿರಿನ್ ಕೊಟ್ಟು ನೋಡಿದವು. ಸಾವಿರ ಜನರಲ್ಲಿ ಸುಮಾರು ಹತ್ತು ಮಂದಿಗೆ ಸಾವೋ ಮರುಕಳಿಕೆಯೋ ತಪ್ಪಿತು. ಸಣ್ಣ ಲಾಭ, ಆದರೆ ನಂಬಬಹುದಾದ ಲಾಭ.

ಆಸ್ಪಿರಿನ್‌ಗಿಂತ ಉತ್ತಮವಾದ ಒಂಟಿ ಔಷಧಕ್ಕಾಗಿಯೂ ಹುಡುಕಾಟ ನಡೆಯಿತು. ಟಿಕ್ಲೊಪಿಡಿನ್ ಕೊಂಚ ಮೇಲಾಗಿ ಕಂಡರೂ ಬಿಳಿ ರಕ್ತಕಣಗಳನ್ನು ಕುಸಿಯುವಂತೆ ಮಾಡಿ ಹಿಂದೆ ಸರಿಯಿತು. ಅದರ ಬಳಗದ್ದೇ ಆದ ಕ್ಲೊಪಿಡೊಗ್ರೆಲ್, 19,185 ರೋಗಿಗಳ ಕ್ಯಾಪ್ರಿ ಪ್ರಯೋಗದಲ್ಲಿ (1996) ಆಸ್ಪಿರಿನ್‌ಗಿಂತ ಕೂದಲೆಳೆಯಷ್ಟು ಮುಂದೆ ಬಂತು: ಪಾರ್ಶ್ವವಾಯು, ಹೃದಯಾಘಾತ, ರಕ್ತನಾಳ ಸಂಬಂಧಿ ಸಾವು ಮೂರೂ ಸೇರಿ ವರ್ಷಕ್ಕೆ ಶೇ 5.83ರ ಬದಲು ಶೇ 5.32. ಒಂದೇ ಔಷಧದಿಂದ ದೊಡ್ಡ ಜಿಗಿತ ಸಾಧ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಜೋಡಿಗಳಲ್ಲಿ ಮೊದಲು ಗೆದ್ದದ್ದು ಆಸ್ಪಿರಿನ್ ಮತ್ತು ಡೈಪಿರಿಡಮೋಲ್. 6,602 ಜನರ ಯುರೋಪಿನ ಪ್ರಯೋಗದಲ್ಲಿ (ಇಎಸ್‌ಪಿಎಸ್-2, 1996) ಹುಸಿಮಾತ್ರೆಗೆ ಹೋಲಿಸಿದರೆ ಆಸ್ಪಿರಿನ್ ಒಂದೇ ಶೇ 18ರಷ್ಟು, ಡೈಪಿರಿಡಮೋಲ್ ಒಂದೇ ಶೇ 16ರಷ್ಟು, ಎರಡೂ ಸೇರಿ ಶೇ 37ರಷ್ಟು ಪಾರ್ಶ್ವವಾಯುವನ್ನು ತಗ್ಗಿಸಿದವು. ಎರಡರ ಫಲ ಒಂದಕ್ಕೊಂದು ಕೂಡಿಕೊಂಡಂತೆ ಕಾಣುವ ಈ ಅಂಕಿಗಳು ಬಹುಕಾಲ ಪಠ್ಯಪುಸ್ತಕಗಳ ಮೆಚ್ಚಿನ ಉದಾಹರಣೆಯಾಗಿದ್ದವು. 2006ರ ಎಸ್‌ಪ್ರಿಟ್ ಪ್ರಯೋಗವೂ ಇದಕ್ಕೆ ಒತ್ತಾಸೆಯಾಯಿತು. ಆದರೆ ಅದರಲ್ಲಿ ಜೋಡಿ ಔಷಧ ಪಡೆದವರಲ್ಲಿ ಮೂರರಲ್ಲೊಬ್ಬರು ಮಾತ್ರೆ ಬಿಟ್ಟುಬಿಟ್ಟರು, ಮುಖ್ಯ ಕಾರಣ ತಲೆನೋವು. ಎರಡು ವರ್ಷಗಳ ನಂತರ 20,332 ಜನರ ಪ್ರೊಫೆಸ್ ಪ್ರಯೋಗ ಈ ಜೋಡಿಯನ್ನು ಒಂಟಿ ಕ್ಲೊಪಿಡೊಗ್ರೆಲ್‌ನ ಎದುರು ನಿಲ್ಲಿಸಿದಾಗ ಮರುಕಳಿಕೆ ಶೇ 9.0 ಮತ್ತು ಶೇ 8.8, ಹೆಚ್ಚುಕಡಿಮೆ ಒಂದೇ. ದಿನಕ್ಕೆ ಎರಡು ಸಲ ನುಂಗಬೇಕಾದ, ತಲೆನೋವು ತರುವ, ರಕ್ತಸ್ರಾವವೂ ತುಸು ಹೆಚ್ಚಿರುವ ಜೋಡಿಯ ಬದಲು ದಿನಕ್ಕೊಂದು ಮಾತ್ರೆ ಸಾಕೆಂದು ವೈದ್ಯಲೋಕ ತೀರ್ಮಾನಿಸಿದ್ದು ಸರಿಯೇ.

ಆ ಹೊತ್ತಿಗೆ ಹೃದ್ರೋಗ ತಜ್ಞರು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಜೋಡಿಯನ್ನು ತಮ್ಮದಾಗಿಸಿಕೊಂಡಿದ್ದರು. 2001ರ ಕ್ಯೂರ್ ಪ್ರಯೋಗದಲ್ಲಿ, ಹೃದಯದ ನಾಳ ಕಟ್ಟಿಕೊಂಡು ಎದೆನೋವಿನಿಂದ ಬಂದ 12,562 ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಇಲ್ಲವೇ ಸಾವು ಶೇ 11.4ರಿಂದ ಶೇ 9.3ಕ್ಕೆ ಇಳಿಯಿತು. ಹೃದಯಕ್ಕೆ ಒಗ್ಗಿದ್ದು ಮಿದುಳಿಗೂ ಒಗ್ಗೀತೆಂಬ ನಿರೀಕ್ಷೆಯಲ್ಲಿ ಶುರುವಾದ ಮ್ಯಾಚ್ ಪ್ರಯೋಗ (2004) ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದ 7,599 ಜನರಲ್ಲಿ ಅರ್ಧದಷ್ಟು ಮಂದಿಗೆ ಆಸ್ಪಿರಿನ್ ಸೇರಿಸಿ ಹದಿನೆಂಟು ತಿಂಗಳು ಕಾದು ನೋಡಿತು. ನಾಳದ ಅವಘಡಗಳು ಶೇ 16.7ರ ಬದಲು ಶೇ 15.7, ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ವ್ಯತ್ಯಾಸವೇ ಅಲ್ಲ. ಪ್ರಾಣಕ್ಕೆ ಕುತ್ತಾಗುವ ರಕ್ತಸ್ರಾವ ಮಾತ್ರ ಶೇ 1.3ರಿಂದ ಶೇ 2.6ಕ್ಕೆ ಇಮ್ಮಡಿಯಾಯಿತು. 2006ರ ಕರಿಸ್ಮಾ ಪ್ರಯೋಗ 15,603 ಜನರಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ತರಲಿಲ್ಲ. ಕೊನೆಯ ಪೆಟ್ಟು ಎಸ್‌ಪಿಎಸ್-3 ಪ್ರಯೋಗದ್ದು. ಮಿದುಳಿನ ಆಳದ ಸಣ್ಣ ನಾಳ ಮುಚ್ಚಿ ಪಾರ್ಶ್ವವಾಯು ಕಂಡಿದ್ದ 3,020 ಜನರನ್ನು ಅದು ಸರಾಸರಿ 3.4 ವರ್ಷ ಗಮನಿಸಿತು. ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ಮರುಕಳಿಕೆ ವರ್ಷಕ್ಕೆ ಶೇ 2.7, ಜೋಡಿ ಪಡೆದವರಲ್ಲಿ ಶೇ 2.5. ದೊಡ್ಡ ರಕ್ತಸ್ರಾವ ವರ್ಷಕ್ಕೆ ಶೇ 1.1ರಿಂದ ಶೇ 2.1ಕ್ಕೆ ಏರಿತು. ಸಾವು ಕೂಡ ಶೇ 1.4ರಿಂದ ಶೇ 2.1ಕ್ಕೆ ಏರಿದ್ದರಿಂದ ಜೋಡಿ ಔಷಧದ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಇಲ್ಲಿಗೆ ಕಥೆ ಮುಗಿಯಿತೆಂದು ಅನೇಕರು ಭಾವಿಸಿದ್ದರು. ಆದರೆ ಈ ಪ್ರಯೋಗಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿತ್ತು: ರೋಗಿಗಳು ಸೇರಿದ್ದು ತಡವಾಗಿ. ಮ್ಯಾಚ್‌ನಲ್ಲಿ ಪಾರ್ಶ್ವವಾಯು ಬಡಿದು ಮೂರು ತಿಂಗಳೊಳಗಿನವರಿಗೆ ಪ್ರವೇಶವಿತ್ತು. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಣ್ಣ ನಾಳದ ಕಾಯಿಲೆಯವರು. ಅಪಾಯದ ದಿನಗಳನ್ನು ದಾಟಿ ಬಂದವರಿಗೆ ಅಪಾಯ ತಡೆಯುವ ಔಷಧ ಕೊಟ್ಟಂತಾಗಿತ್ತು.

ಅಪಾಯದ ದಿನಗಳು ಯಾವುವು ಎಂಬುದು 2000ದ ವೇಳೆಗೇ ತಿಳಿದಿತ್ತು. ಕೈ ಸ್ವಾಧೀನ ತಪ್ಪಿ ಅಥವಾ ಮಾತು ತೊದಲಿ, ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುವ ಕ್ಷಣಿಕ ಪಾರ್ಶ್ವವಾಯು, ಅಂದರೆ ಜನರ ಬಾಯಲ್ಲಿ ಮಿನಿ ಸ್ಟ್ರೋಕ್, ಆಗಿ ತುರ್ತು ಚಿಕಿತ್ಸಾ ಘಟಕಕ್ಕೆ ಬಂದ 1,707 ಜನರನ್ನು ಕ್ಯಾಲಿಫೋರ್ನಿಯಾದಲ್ಲಿ ಕ್ಲೇಬೋರ್ನ್ ಜಾನ್‌ಸ್ಟನ್ ಮತ್ತು ಸಂಗಡಿಗರು ಹಿಂಬಾಲಿಸಿದ್ದರು. ತೊಂಬತ್ತು ದಿನಗಳಲ್ಲಿ ಹತ್ತರಲ್ಲೊಬ್ಬರಿಗೆ ಪೂರ್ಣ ಪಾರ್ಶ್ವವಾಯು ಬಡಿಯಿತು. ಅದರಲ್ಲಿ ಅರ್ಧ ಮೊದಲ ಎರಡೇ ದಿನಗಳಲ್ಲಿ. ಬಿರುಕು ಬಿಟ್ಟ ನಾಳದ ಗೋಡೆ ಇನ್ನೂ ಹಸಿಯಾಗಿದ್ದು, ಪ್ಲೇಟ್‌ಲೆಟ್‌ಗಳು ಅಲ್ಲಿ ಗುಂಪುಗಟ್ಟುತ್ತಲೇ ಇರುವ ಕಾಲ ಅದು. ಅಲ್ಟ್ರಾಸೌಂಡ್ ಡಾಪ್ಲರ್ ಯಂತ್ರದಿಂದ ಮಿದುಳಿನ ಧಮನಿಗಳಲ್ಲಿ ತೇಲಿಹೋಗುವ ಸೂಕ್ಷ್ಮ ಹೆಪ್ಪುಗಳ ಸದ್ದನ್ನು ಎಣಿಸಿದ ಎರಡು ಪುಟ್ಟ ಪ್ರಯೋಗಗಳು, ಯುರೋಪಿನ ಕೇರೆಸ್ (2005) ಮತ್ತು ಏಷ್ಯಾದ ಕ್ಲೇರ್ (2010), ಜೋಡಿ ಔಷಧ ಕೊಟ್ಟ ಕೆಲವೇ ದಿನಗಳಲ್ಲಿ ಆ ಸದ್ದು ವಿರಳವಾಗುವುದನ್ನು ತೋರಿಸಿದವು. ಇನ್ನೊಂದು ಕಡೆ ಆಕ್ಸ್‌ಫರ್ಡ್‌ನ ಎಕ್ಸ್‌ಪ್ರೆಸ್ ಅಧ್ಯಯನ (2007) ಚಿಕಿತ್ಸೆಯನ್ನು ಅದೇ ದಿನ ಶುರುಮಾಡುವ ವ್ಯವಸ್ಥೆ ತಂದು, ಮೂರು ತಿಂಗಳ ಮರುಕಳಿಕೆಯನ್ನು ಶೇ 10.3ರಿಂದ ಶೇ 2.1ಕ್ಕೆ ಇಳಿಸಿತು. ಅಲ್ಲಿ ಬಳಸಿದ ಔಷಧಗಳೆಲ್ಲ ಹಳೆಯವೇ, ಹೊಸದೆಂದರೆ ಅವಸರ.

ನಿರ್ಣಾಯಕ ಉತ್ತರ ಬಂದದ್ದು ಚೀನಾದಿಂದ. ಬೀಜಿಂಗಿನ ತಿಯಾಂತಾನ್ ಆಸ್ಪತ್ರೆಯ ವಾಂಗ್ ಯೋಂಗ್‌ಜುನ್ ನೇತೃತ್ವದ ಚಾನ್ಸ್ ಪ್ರಯೋಗ (2013) 114 ಕೇಂದ್ರಗಳಲ್ಲಿ 5,170 ರೋಗಿಗಳನ್ನು ಸೇರಿಸಿಕೊಂಡಿತು. ಎಲ್ಲರಿಗೂ ಬಡಿದದ್ದು ಲಘು ಪಾರ್ಶ್ವವಾಯು ಅಥವಾ ಹೆಚ್ಚಿನ ಅಪಾಯದ ಕ್ಷಣಿಕ ಪಾರ್ಶ್ವವಾಯು. ಎಲ್ಲರಿಗೂ 24 ಗಂಟೆಯೊಳಗೆ ಔಷಧ ಶುರುವಾಗಿತ್ತು. ಒಂದು ಗುಂಪಿಗೆ ಮೊದಲ ದಿನ 300 ಮಿ.ಗ್ರಾಂ ಕ್ಲೊಪಿಡೊಗ್ರೆಲ್, ಆಮೇಲೆ ದಿನಕ್ಕೆ 75ರಂತೆ ತೊಂಬತ್ತು ದಿನ. ಆಸ್ಪಿರಿನ್ ಜೊತೆಗೂಡಿದ್ದು ಮೊದಲ ಇಪ್ಪತ್ತೊಂದು ದಿನ ಮಾತ್ರ. ಇನ್ನೊಂದು ಗುಂಪಿಗೆ ಆಸ್ಪಿರಿನ್ ಒಂದೇ. ಮೂರು ತಿಂಗಳಲ್ಲಿ ಆಸ್ಪಿರಿನ್ ಗುಂಪಿನಲ್ಲಿ ಶೇ 11.7 ಮಂದಿಗೆ ಪಾರ್ಶ್ವವಾಯು ಮರುಕಳಿಸಿತು, ಜೋಡಿ ಗುಂಪಿನಲ್ಲಿ ಶೇ 8.2 ಮಂದಿಗೆ. ಇಪ್ಪತ್ತೊಂಬತ್ತು ಜನರಿಗೆ ಜೋಡಿ ಔಷಧ ಕೊಟ್ಟರೆ ಒಬ್ಬರಿಗೆ ಪಾರ್ಶ್ವವಾಯು ತಪ್ಪುತ್ತದೆ ಎಂದಾಯಿತು. ಗಮನಾರ್ಹ ರಕ್ತಸ್ರಾವ ಎರಡೂ ಕಡೆ ಶೇ 0.3 ಅಷ್ಟೇ.

ಚೀನಾದ ಫಲಿತಾಂಶ ಬೇರೆ ಜನರಿಗೂ ಅನ್ವಯಿಸುತ್ತದೆಯೇ ಎಂಬ ಸಂಶಯಕ್ಕೆ ಕಾರಣಗಳಿದ್ದವು. ಅಲ್ಲಿ ಮಿದುಳಿನೊಳಗಿನ ಧಮನಿಗಳು ಕಿರಿದಾಗುವ ಕಾಯಿಲೆ ಹೆಚ್ಚು; ಬಿಪಿ, ಕೊಲೆಸ್ಟರಾಲ್ ಔಷಧಗಳ ಬಳಕೆ ಆಗ ಕಡಿಮೆ. ಜಾನ್‌ಸ್ಟನ್ ಮುಂದಾಳತ್ವದ ಪಾಯಿಂಟ್ ಪ್ರಯೋಗ (2018) ಹತ್ತು ದೇಶಗಳಲ್ಲಿ 4,881 ಜನರಿಗೆ 12 ಗಂಟೆಯೊಳಗೆ ಔಷಧ ಶುರುಮಾಡಿತು. ಆದರೆ ಎರಡು ವ್ಯತ್ಯಾಸ ಮಾಡಿಕೊಂಡಿತು: ಕ್ಲೊಪಿಡೊಗ್ರೆಲ್‌ನ ಮೊದಲ ಪ್ರಮಾಣ 600 ಮಿ.ಗ್ರಾಂ, ಜೋಡಿಯ ಅವಧಿ ಪೂರ್ತಿ ತೊಂಬತ್ತು ದಿನ. ಹೆಪ್ಪಿನಿಂದಾಗುವ ದೊಡ್ಡ ಅವಘಡಗಳು ಶೇ 6.5ರಿಂದ ಶೇ 5.0ಕ್ಕೆ ಇಳಿದವು. ದೊಡ್ಡ ರಕ್ತಸ್ರಾವ ಶೇ 0.4ರಿಂದ ಶೇ 0.9ಕ್ಕೆ ಏರಿತು. ಸಾವಿರ ಜನರಲ್ಲಿ ಹದಿನೈದು ಮಂದಿಗೆ ಲಾಭ, ಐದು ಮಂದಿಗೆ ಹಾನಿ. ಲಾಭ ಮತ್ತು ಹಾನಿ ಎರಡೂ ಖಚಿತವಾದ್ದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟಾಗಲೇ ವಿಷಯ ತಿಳಿಯಾದದ್ದು. ಹತ್ತು ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯಲ್ಲಿ, ಜೋಡಿ ಔಷಧದ ಲಾಭವೆಲ್ಲ ಮೊದಲ ಇಪ್ಪತ್ತೊಂದು ದಿನಗಳಲ್ಲೇ ಸೇರಿತ್ತು. ಆಮೇಲಿನ ದಿನಗಳಲ್ಲಿ ಲಾಭ ಕಾಣಲಿಲ್ಲ. ರಕ್ತಸ್ರಾವದ ಅಪಾಯಕ್ಕಾದರೋ ಅಂಥ ಗಡುವಿಲ್ಲ. ಅದು ಮಾತ್ರೆ ನುಂಗುವಷ್ಟು ದಿನವೂ ದಿನಕ್ಕಿಷ್ಟರಂತೆ ಸೇರುತ್ತ ಹೋಗುತ್ತದೆ. ಲಾಭದ ಗೆರೆ ಮೊದಲ ವಾರದಲ್ಲಿ ನೆಟ್ಟಗೆ ಏರಿ ಮಟ್ಟಸವಾಗುತ್ತದೆ, ಹಾನಿಯ ಗೆರೆ ನಿಧಾನವಾಗಿ ಏರುತ್ತಲೇ ಇರುತ್ತದೆ. ಮ್ಯಾಚ್, ಎಸ್‌ಪಿಎಸ್-3ಗಳು ಅಳೆದದ್ದು ಲಾಭ ಮುಗಿದ ಮೇಲಿನ ಕಾಲವನ್ನು. ಹೀಗೆ ನೋಡಿದರೆ ಸೋತ ಪ್ರಯೋಗಗಳೂ ಗೆದ್ದ ಪ್ರಯೋಗಗಳೂ ಒಂದೇ ಮಾತನ್ನು ಹೇಳುತ್ತಿವೆ. ಯುರೋಪಿನ ಮಾರ್ಗಸೂಚಿ ಇಪ್ಪತ್ತೊಂದು ದಿನಗಳನ್ನು ಸೂಚಿಸುತ್ತದೆ. ಅಮೆರಿಕದ 2021ರ ಮಾರ್ಗಸೂಚಿ ಇಪ್ಪತ್ತೊಂದರಿಂದ ತೊಂಬತ್ತು ದಿನ ಎನ್ನುತ್ತದೆ. ಪುರಾವೆ ಮಾತ್ರ ಮೊದಲ ಅಂಕಿಯ ಕಡೆಗೇ ವಾಲುತ್ತದೆ.

ಇದು ಯಾರಿಗೆ ಎಂಬುದರ ಗಡಿಯೂ ಅಷ್ಟೇ ಸ್ಪಷ್ಟವಾಗಿರಬೇಕು. ಪಾರ್ಶ್ವವಾಯುವಿನ ತೀವ್ರತೆಯನ್ನು ಅಳೆಯುವ ಎನ್‌ಐಎಚ್‌ಎಸ್‌ಎಸ್ ಅಂಕ ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದವರು, ಅಥವಾ ವಯಸ್ಸು, ಬಿಪಿ, ಲಕ್ಷಣ, ಅದು ಇದ್ದ ಅವಧಿ, ಸಕ್ಕರೆ ಕಾಯಿಲೆ ಎಂಬ ಐದನ್ನು ಕೂಡಿಸಿ ಕೊಡುವ ಎಬಿಸಿಡಿ2 ಅಂಕ ನಾಲ್ಕು ಮುಟ್ಟಿದ ಕ್ಷಣಿಕ ಪಾರ್ಶ್ವವಾಯುವಿನವರು ಚಾನ್ಸ್ ಮತ್ತು ಪಾಯಿಂಟ್‌ಗಳಿಗೆ ಸೇರಿದ್ದರು. ದೊಡ್ಡ ಪಾರ್ಶ್ವವಾಯುವಿನಲ್ಲಿ ಸತ್ತ ಮಿದುಳಿನ ಭಾಗದೊಳಗೇ ರಕ್ತ ಸೋರುವ ಭಯವಿರುವುದರಿಂದ ಅವರನ್ನು ದೂರವಿಡಲಾಗಿತ್ತು. 2023ರಲ್ಲಿ ಪ್ರಕಟವಾದ ಚೀನಾದ ಇನ್‌ಸ್ಪೈರ್ಸ್ ಪ್ರಯೋಗ ಗಡಿಯನ್ನು ತುಸು ಹಿಗ್ಗಿಸಿತು: ಧಮನಿಯ ಕೊಬ್ಬಿನಿಂದ ಬಂದಿರಬಹುದಾದ ಲಘು ಪಾರ್ಶ್ವವಾಯುವಿನ 6,100 ಜನರಿಗೆ 72 ಗಂಟೆಯೊಳಗೆ ಜೋಡಿ ಔಷಧ ಶುರುಮಾಡಿದಾಗ ಮರುಕಳಿಕೆ ಶೇ 9.2ರಿಂದ ಶೇ 7.3ಕ್ಕೆ ಇಳಿಯಿತು. ರಕ್ತಸ್ರಾವ ಇಲ್ಲೂ ಶೇ 0.4ರಿಂದ ಶೇ 0.9ಕ್ಕೆ ಏರಿತು. ತಡವಾಗಿ ಆಸ್ಪತ್ರೆ ತಲುಪುವವರೇ ಹೆಚ್ಚಿರುವ ನಮ್ಮಂಥ ಕಡೆ ಈ ಮೂರು ದಿನಗಳ ಅವಕಾಶ ದೊಡ್ಡದು.

ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂದು ಖಚಿತಪಡಿಸಿಕೊಳ್ಳದೆ ಯಾವ ಪ್ಲೇಟ್‌ಲೆಟ್ ನಿರೋಧಕವನ್ನೂ ಕೊಡುವಂತಿಲ್ಲ. ಲಕ್ವ ಹೊಡೆದವರ ಬಾಯಿಗೆ ಮನೆಯಲ್ಲೇ ಆಸ್ಪಿರಿನ್ ಹಾಕುವುದು ಈ ಕಾರಣಕ್ಕೇ ತಪ್ಪು. ಎದೆನೋವಿಗೆ ಸಲ್ಲುವ ಉಪಾಯ ಇಲ್ಲಿ ಸಲ್ಲದು. ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದವರಿಗೆ ಸಾಮಾನ್ಯವಾಗಿ ಒಂದು ದಿನ ಕಾಯಲಾಗುತ್ತದೆ. ಹೃದಯದ ಮೇಲ್ಕೋಣೆಗಳು ಅಡ್ಡಾದಿಡ್ಡಿ ಮಿಡಿದು ಅಲ್ಲಿ ಹೆಪ್ಪುಗಟ್ಟುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಬೇಕಾದದ್ದು ಬೇರೆಯೇ ವರ್ಗದ ಔಷಧ. 2006ರ ಆಕ್ಟಿವ್-ಡಬ್ಲ್ಯು ಪ್ರಯೋಗದಲ್ಲಿ ಇಂಥವರಿಗೆ ಆಸ್ಪಿರಿನ್ ಕ್ಲೊಪಿಡೊಗ್ರೆಲ್ ಜೋಡಿ ಆ ವರ್ಗದ ವಾರ್ಫರಿನ್ ಮುಂದೆ ಸೋತಿತು: ಅವಘಡಗಳು ವರ್ಷಕ್ಕೆ ಶೇ 5.60, ವಾರ್ಫರಿನ್‌ನಲ್ಲಿ ಶೇ 3.93. ಆದ್ದರಿಂದ ಇಸಿಜಿ ಮಾಡದೆ ಜೋಡಿ ಮಾತ್ರೆ ಬರೆದುಕೊಡುವುದು ಅರ್ಧ ಕೆಲಸ.

ಕ್ಲೊಪಿಡೊಗ್ರೆಲ್‌ಗೆ ಒಂದು ಹುಟ್ಟುದೋಷವಿದೆ. ನುಂಗಿದ ರೂಪದಲ್ಲಿ ಅದು ನಿಷ್ಕ್ರಿಯ. ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸಬೇಕು. ಆ ಕಿಣ್ವದ ಜೀನ್ ದುರ್ಬಲವಾಗಿರುವವರಲ್ಲಿ ಮಾತ್ರೆ ಹೊಟ್ಟೆ ಸೇರುತ್ತದೆ, ಫಲ ಅರೆಬರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಈ ಬಗ್ಗೆ ಕಟ್ಟೆಚ್ಚರಿಕೆ ಹಾಕಿಸಿತ್ತು. ಚಾನ್ಸ್‌ನ 2,933 ರೋಗಿಗಳ ಜೀನ್ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಅವರಲ್ಲಿ ಶೇ 58.8 ಮಂದಿಗೆ ದುರ್ಬಲ ಜೀನಿನ ಒಂದಾದರೂ ಪ್ರತಿ ಇತ್ತು. ಅದು ಇಲ್ಲದವರಲ್ಲಿ ಜೋಡಿ ಔಷಧ ಮರುಕಳಿಕೆಯನ್ನು ಶೇ 12.4ರಿಂದ ಶೇ 6.7ಕ್ಕೆ ಇಳಿಸಿದರೆ, ಇದ್ದವರಲ್ಲಿ ಶೇ 10.8 ಮತ್ತು ಶೇ 9.4, ಲಾಭ ಇದೆಯೆಂದು ಹೇಳಲಾಗದಷ್ಟು ಸಣ್ಣ ಅಂತರ.

ಈ ಮಾತು ದಕ್ಷಿಣ ಭಾರತಕ್ಕೂ ನೇರವಾಗಿ ತಟ್ಟುತ್ತದೆ. ಯುರೋಪಿನ ಮೂಲದವರಲ್ಲಿ ದುರ್ಬಲ ಜೀನ್ ಹೊತ್ತವರು ಕಾಲುಭಾಗದ ಆಸುಪಾಸು. ದಕ್ಷಿಣ ಭಾರತೀಯರಲ್ಲಿ ನಡೆದ ಅಧ್ಯಯನಗಳಲ್ಲಿ ಅರ್ಧಕ್ಕೂ ಹೆಚ್ಚು. ಈ ವಿಷಯದಲ್ಲಿ ನಮ್ಮವರು ಚೀನೀಯರಿಗೆ ಹತ್ತಿರ. ಟಿಕಾಗ್ರೆಲರ್‌ಗೆ ಯಕೃತ್ತಿನ ಈ ಹಂಗಿಲ್ಲ. ಅದು ನೇರವಾಗಿ ಕೆಲಸ ಮಾಡುತ್ತದೆ. ಚಾನ್ಸ್-2 ಪ್ರಯೋಗ (2021) ದುರ್ಬಲ ಜೀನಿನ 6,412 ಜನರನ್ನೇ ಆರಿಸಿಕೊಂಡು ಆಸ್ಪಿರಿನ್ ಜೊತೆ ಟಿಕಾಗ್ರೆಲರ್ ಕೊಟ್ಟಾಗ ಮರುಕಳಿಕೆ ಶೇ 6.0, ಕ್ಲೊಪಿಡೊಗ್ರೆಲ್ ಕೊಟ್ಟಾಗ ಶೇ 7.6. ತೀವ್ರ ರಕ್ತಸ್ರಾವ ಎರಡರಲ್ಲೂ ಸಮ. ಮೂಗು, ವಸಡುಗಳಿಂದಾಗುವ ಸಣ್ಣಪುಟ್ಟದ್ದನ್ನೂ ಸೇರಿಸಿದರೆ ಟಿಕಾಗ್ರೆಲರ್‌ನಲ್ಲಿ ಇಮ್ಮಡಿ. ಜೀನ್ ನೋಡದೆ ಎಲ್ಲರಿಗೂ ಟಿಕಾಗ್ರೆಲರ್ ಸೇರಿಸಿದ ಥೇಲ್ಸ್ ಪ್ರಯೋಗದಲ್ಲಿ (2020, 11,016 ಜನ) ಒಂದು ತಿಂಗಳಲ್ಲಿ ಪಾರ್ಶ್ವವಾಯು ಅಥವಾ ಸಾವು ಶೇ 6.6ರಿಂದ ಶೇ 5.5ಕ್ಕೆ ಇಳಿಯಿತು, ತೀವ್ರ ರಕ್ತಸ್ರಾವ ಶೇ 0.1ರಿಂದ ಶೇ 0.5ಕ್ಕೆ ಏರಿತು. ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ ಪಾರ್ಶ್ವವಾಯುವಿನ ರೋಗಿಗಳಿಗೆ ಕ್ಲೊಪಿಡೊಗ್ರೆಲ್ ಕೊಡುವ ಮುನ್ನ ಜೀನ್ ಪರೀಕ್ಷೆಯನ್ನು ಶಿಫಾರಸು ಮಾಡಿತು. ಅರ್ಧಕ್ಕೂ ಹೆಚ್ಚು ಜನ ದುರ್ಬಲ ಜೀನ್ ಹೊತ್ತಿರುವ ಪ್ರದೇಶದಲ್ಲಿ ಈ ಪರೀಕ್ಷೆ ಇನ್ನೂ ನಿತ್ಯದ ರೂಢಿಗೆ ಬಾರದಿರುವುದು ವಿಪರ್ಯಾಸವೇ.

ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ತೊಂದರೆ ತಲೆಬುರುಡೆಯೊಳಗಿನ ದೊಡ್ಡ ಧಮನಿ ಕಿರಿದಾಗುವುದು. ಶೇ 70ರಿಂದ 99ರಷ್ಟು ಕಿರಿದಾದ ಧಮನಿಯ 451 ರೋಗಿಗಳ ಮೇಲೆ ನಡೆದ ಸ್ಯಾಂಪ್ರಿಸ್ ಪ್ರಯೋಗ (2011) ಸ್ಟೆಂಟ್ ಹಾಕುವುದನ್ನೂ, ಹಾಕದೆ ಔಷಧದಲ್ಲೇ ನೋಡಿಕೊಳ್ಳುವುದನ್ನೂ ಹೋಲಿಸಿತು. ಎರಡೂ ಗುಂಪಿಗೆ ತೊಂಬತ್ತು ದಿನ ಆಸ್ಪಿರಿನ್ ಕ್ಲೊಪಿಡೊಗ್ರೆಲ್ ಜೋಡಿ, ಜೊತೆಗೆ ಬಿಪಿ, ಕೊಲೆಸ್ಟರಾಲ್‌ಗಳ ಬಿಗಿ ಹತೋಟಿ. ಮೂವತ್ತು ದಿನಗಳಲ್ಲಿ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ 14.7, ಔಷಧದ ಗುಂಪಿನಲ್ಲಿ ಶೇ 5.8. ಔಷಧದ ಗುಂಪು ನಿರೀಕ್ಷೆಗಿಂತ ಎಷ್ಟೋ ಮೇಲಾಗಿದ್ದರಿಂದ, ಈ ಒಂದು ಬಗೆಯ ಕಾಯಿಲೆಗೆ ಮೂರು ತಿಂಗಳ ಜೋಡಿ ರೂಢಿಯಾಯಿತು. ಜೋಡಿಯ ಪಾಲು ಎಷ್ಟು, ಬಿಪಿ ಹತೋಟಿಯ ಪಾಲು ಎಷ್ಟು ಎಂದು ಈ ಪ್ರಯೋಗದಿಂದ ಬಿಡಿಸಿ ಹೇಳಲು ಬಾರದು ಎಂಬುದನ್ನು ಮರೆಯಬಾರದು. ಇಂಥ ರೋಗಿಗಳೂ ಇದ್ದ ಜಪಾನಿನ ಪ್ರಯೋಗವೊಂದು (ಸಿಎಸ್‌ಪಿಎಸ್ ಡಾಟ್ ಕಾಮ್, 2019) ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಜೊತೆ ಸಿಲೋಸ್ಟಜೋಲ್ ಸೇರಿಸಿ ಮರುಕಳಿಕೆಯನ್ನು ಅರ್ಧಕ್ಕೆ ಇಳಿಸಿತು. ದೀರ್ಘಕಾಲ ಕೊಟ್ಟರೂ ಈ ಜೋಡಿ ರಕ್ತಸ್ರಾವ ಹೆಚ್ಚಿಸಲಿಲ್ಲ. ಆದರೆ ಪ್ರಯೋಗ ನಿಗದಿಗಿಂತ ಬೇಗ ನಿಂತಿತು, ಔಷಧ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿತ್ತು. ತಲೆನೋವು, ಎದೆಬಡಿತ ಹೆಚ್ಚುವುದು ಈ ಔಷಧದ ಕಾಟ. ಹೃದಯ ದುರ್ಬಲವಾದವರಿಗಂತೂ ಇದು ವರ್ಜ್ಯ.

ಎರಡು ಒಳ್ಳೆಯದಾದರೆ ಮೂರು ಇನ್ನೂ ಒಳ್ಳೆಯದೇ ಎಂಬುದಕ್ಕೆ ಟಾರ್ಡಿಸ್ ಪ್ರಯೋಗ (2018) ಉತ್ತರ ಕೊಟ್ಟಿತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಡೈಪಿರಿಡಮೋಲ್ ಮೂರನ್ನೂ ಒಂದು ತಿಂಗಳು ಕೊಟ್ಟಾಗ ಮರುಕಳಿಕೆ ಕಡಿಮೆಯಾಗಲಿಲ್ಲ, ರಕ್ತಸ್ರಾವ ಮಾತ್ರ ಇಮ್ಮಡಿಗೂ ಮೀರಿತು. ಹೃದ್ರೋಗದಲ್ಲಿ ಹೆಸರು ಮಾಡಿದ ಪ್ರಾಸುಗ್ರೆಲ್, ವೊರಾಪಾಕ್ಸರ್‌ಗಳು ಹಿಂದೆ ಪಾರ್ಶ್ವವಾಯು ಕಂಡವರಲ್ಲಿ ಮಿದುಳಿನ ರಕ್ತಸ್ರಾವ ಹೆಚ್ಚಿಸಿ, ಅಂಥವರಿಗೆ ಕೊಡಬಾರದ ಪಟ್ಟಿಗೆ ಸೇರಿದವು. ಒಮ್ಮೆ ಪೆಟ್ಟು ತಿಂದ ಮಿದುಳಿನ ನಾಳಗಳು ಹೃದಯದ ನಾಳಗಳಷ್ಟು ಸಹಿಸುವುದಿಲ್ಲ.

ರಕ್ತಸ್ರಾವದಲ್ಲಿ ಹೆಚ್ಚಿನ ಪಾಲು ಜಠರ, ಕರುಳಿನದು. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲೂ 75 ದಾಟಿದವರಿಗೆ ಇದು ಪ್ರಾಣಾಪಾಯದ ಮಟ್ಟ ಮುಟ್ಟುವುದು ಹೆಚ್ಚೆಂದು 2017ರ ಆಕ್ಸ್‌ಫರ್ಡ್ ಅಧ್ಯಯನ ತೋರಿಸಿತು. ಜಠರದ ಆಮ್ಲ ತಗ್ಗಿಸುವ ಮಾತ್ರೆಯನ್ನು ಜೊತೆಗೆ ಕೊಟ್ಟರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಆ ಮಾತ್ರೆಗಳಲ್ಲಿ ಒಮೆಪ್ರಜೋಲ್ ಕ್ಲೊಪಿಡೊಗ್ರೆಲ್‌ಗೆ ಬೇಕಾದ ಕಿಣ್ವವನ್ನೇ ತಡೆಯುತ್ತದೆ. ಪ್ಯಾಂಟೊಪ್ರಜೋಲ್‌ಗೆ ಆ ದೋಷ ಕಡಿಮೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ಐಬುಪ್ರೊಫೇನ್‌ನಂಥ ಮಾತ್ರೆಗಳು ಎರಡು ಕಡೆಯಿಂದ ಕೆಡಿಸುತ್ತವೆ: ಹುಣ್ಣು ತರುತ್ತವೆ, ಆಸ್ಪಿರಿನ್ ಕಿಣ್ವವನ್ನು ತಲುಪದಂತೆ ಅಡ್ಡವಾಗಿಯೂ ಕೂರುತ್ತವೆ. ಮಿದುಳಿನೊಳಗಿನ ರಕ್ತಸ್ರಾವಕ್ಕೆ ಹತೋಟಿಯಿಲ್ಲದ ಬಿಪಿಯೇ ಮೊದಲ ಕಾರಣ. 6,105 ಜನರ ಪ್ರೋಗ್ರೆಸ್ ಪ್ರಯೋಗದಲ್ಲಿ (2001) ಬಿಪಿ ಇಳಿಸುವ ಔಷಧಗಳೇ ಮರುಕಳಿಕೆಯನ್ನು ಶೇ 28ರಷ್ಟು ತಗ್ಗಿಸಿದ್ದವು. ದೀರ್ಘಾವಧಿಯಲ್ಲಿ ಯಾವ ಜೋಡಿ ಮಾತ್ರೆಯೂ ನಿರ್ವಿವಾದವಾಗಿ ಸಾಧಿಸದ ಅಂಕಿ ಇದು.

ಭಾರತದ ಔಷಧ ಮಾರುಕಟ್ಟೆಯ ಒಂದು ವಿಶೇಷ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ, ಕೆಲವೊಮ್ಮೆ ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಸಮೇತ, ಒಂದೇ ಗುಳಿಗೆಯಲ್ಲಿ ಬೆರೆಸಿ ಮಾರಲಾಗುತ್ತದೆ. ನೆನಪಿನಿಂದ ನುಂಗಲು ಇದು ಅನುಕೂಲ. ನಿಲ್ಲಿಸುವ ಹೊತ್ತು ಬಂದಾಗ ಮಾತ್ರ ತೊಡಕು, ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಮುಂದುವರಿಸಲು ಬೇರೆ ಚೀಟಿಯೇ ಬೇಕು. ಬಿಡುಗಡೆಯ ಚೀಟಿಯಲ್ಲಿ ಜೋಡಿ ಮುಗಿಯುವ ತಾರೀಖು ಬರೆಯದಿದ್ದರೆ ಇಪ್ಪತ್ತೊಂದು ದಿನದ ಔಷಧ ವರ್ಷಗಟ್ಟಲೆ ನಡೆದುಬಿಡುತ್ತದೆ. ಎಸ್‌ಪಿಎಸ್-3ರ ರೋಗಿಗಳು ಪಡೆದದ್ದು ಇಂಥದೇ ಚಿಕಿತ್ಸೆ. ಇದಕ್ಕೆ ತದ್ವಿರುದ್ಧವಾದ ತಪ್ಪು, ತಾರೀಖು ಮುಗಿಯಿತೆಂದು ಎರಡನ್ನೂ ಬಿಟ್ಟುಬಿಡುವುದು. ಜೋಡಿ ಮುಗಿದ ಮೇಲೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಎರಡರಲ್ಲೊಂದು, ಸಾಮಾನ್ಯವಾಗಿ ಜೀವನಪೂರ್ತಿ ಮುಂದುವರಿಯುತ್ತದೆ. ಹಲ್ಲು ಕೀಳಿಸುವಂಥ ಸಣ್ಣ ಕೆಲಸಕ್ಕೆ ಅದನ್ನು ನಿಲ್ಲಿಸುವ ಅಗತ್ಯ ಬಹುಮಟ್ಟಿಗೆ ಇಲ್ಲ; ದೊಡ್ಡ ಶಸ್ತ್ರಚಿಕಿತ್ಸೆಗೆ ನಿಲ್ಲಿಸಲೇಬೇಕಾದರೆ, ಎಷ್ಟು ದಿನ ಮೊದಲು ಎಂಬುದು ಪ್ಲೇಟ್‌ಲೆಟ್‌ನ ಆಯಸ್ಸಿನ ಲೆಕ್ಕದ ಮೇಲೆ ನಿಲ್ಲುತ್ತದೆ.

ಹೃದಯದ ನಾಳಕ್ಕೆ ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಇಪ್ಪತ್ತೊಂದು ದಿನದ ನಿಯಮ ಅನ್ವಯಿಸುವುದಿಲ್ಲ. ಸ್ಟೆಂಟ್ ಮುಚ್ಚದಂತೆ ಅವರಿಗೆ ಜೋಡಿ ಔಷಧ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಬೇಕಾಗುತ್ತದೆ. ಅಂಥವರಿಗೆ ಆ ಅವಧಿಯಲ್ಲೇ ಪಾರ್ಶ್ವವಾಯು ಬಡಿದರೆ, ಯಾವ ಮಾತ್ರೆಯನ್ನು ಯಾವ ದಿನ ಬಿಡಬೇಕೆಂಬುದನ್ನು ಹೃದ್ರೋಗ ತಜ್ಞರೂ ನರರೋಗ ತಜ್ಞರೂ ಸ್ಟೆಂಟ್ ಹಾಕಿದ ತಾರೀಖು, ಸ್ಕ್ಯಾನಿನಲ್ಲಿ ಕಂಡ ಹಾನಿಯ ಗಾತ್ರ ಎರಡನ್ನೂ ಮುಂದಿಟ್ಟುಕೊಂಡು ಒಟ್ಟಿಗೆ ನಿರ್ಧರಿಸಬೇಕಾಗುತ್ತದೆ.